ಅಣುಸ್ಥಾವರದ ಪಕ್ಕದ ಊರಿನಲ್ಲಿ ನಾನೂ ಮಲ್ಲಪ್ಪನೂ

ಪೀಣ್ಯದಿಂದ

ಫ್ರಾನ್ಸಿಗೆ ಹೋಗಿಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಪ್ಯಾರಿಸ್ಸಿನ ಕಬ್ಬಿಣದ ಗೋಪುರದ ಬಗ್ಗೆ. ಅದನ್ನು ನಾನು ನೋಡಲೇ ಇಲ್ಲ. ನಾನು ನೋಡಿದ ಗೋಪುರಗಳು ಕಾಂಕ್ರೀಟಿನವು. ಅವುಗಳ ಬಾಯಿಂದ ಬಿಳಿ ಹಬೆ ಏಳುತ್ತಿತ್ತು, ಬುಡದಲ್ಲಿ ಜನ ಹಣ್ಣಿನ ತೋಟ ಮಾಡಿಕೊಂಡಿದ್ದರು. ನನ್ನ ಜೊತೆ ಬಂದಿದ್ದವನು ಮಲ್ಲಪ್ಪ, ನಮ್ಮ ಕಾರ್ಖಾನೆಯಲ್ಲಿ ಎರಕಗಳ ಅಂಚು ಉಜ್ಜುವ ಕೆಲಸದವನು.

ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ವಾಲ್ವ್‌ಗಳನ್ನು ಎರಕ ಹೊಯ್ಯುತ್ತಾರೆ. ಎರಕದ ಹೊಟ್ಟೆಯೊಳಗೆ ಗುಳ್ಳೆಯೋ ಬಿರುಕೋ ಇದ್ದರೆ ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದ ಇರಿಡಿಯಂ ಎಂಬ ವಿಕಿರಣ ಲೋಹದ ಚಿಕ್ಕ ಚೂರೊಂದನ್ನು ಇಟ್ಟು, ಆಸ್ಪತ್ರೆಯ ಎಕ್ಸ್‌ರೇ ತೆಗೆದ ಹಾಗೆ ಅವುಗಳ ಫೋಟೋ ತೆಗೆಯುತ್ತೇವೆ. ಅದಕ್ಕೆಂದೇ ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯಿದೆ. ಕೆಲಸಗಾರರು ಅದನ್ನು ಕಿರಣದ ರೂಮು ಎನ್ನುತ್ತಾರೆ. ದಾವಣಗೆರೆಯಲ್ಲಿ ಬೆಳೆದು, ಭೌತಶಾಸ್ತ್ರ ಓದಿ, ಮದುವೆಯಾಗಿ ಬೆಂಗಳೂರಿಗೆ ಬಂದ ನಾನು ಆ ಕೋಣೆಯ ಸುರಕ್ಷತೆಯನ್ನು ನೋಡಿಕೊಳ್ಳುವವಳು.

ಮಲ್ಲಪ್ಪ ಬಿಜಾಪುರದ ಕಡೆಯವನು. ಬಾಗಲಗುಂಟೆಯ ವಠಾರವೊಂದರಲ್ಲಿ ಹೆಂಡತಿ ನೀಲವ್ವನ ಜೊತೆ ಬಾಡಿಗೆಗಿದ್ದ. ಮೊದಲ ಬಸಿರು ಐದು ತಿಂಗಳಿಗೇ ಇಳಿದುಹೋಯಿತು. ಗಂಡನ ಬಟ್ಟೆಯಲ್ಲಿ ಕಿರಣ ಅಂಟಿಕೊಂಡು ಮನೆಗೆ ಬಂದದ್ದೇ ಅದಕ್ಕೆ ಕಾರಣ ಎಂದು ವಠಾರದಲ್ಲಿ ಯಾರೋ ಆಡಿದ ಮಾತು ಒಂದು ವಾರದೊಳಗೆ ಕಾರ್ಖಾನೆಯನ್ನೆಲ್ಲ ಸುತ್ತಿತು. ನಾನು ವಿಕಿರಣ ಅಳೆಯುವ ಮೀಟರ್ ಹಿಡಿದು ಗೋಡೆಯ ಹೊರಗೆ ಏನೂ ಸೋರುತ್ತಿಲ್ಲವೆಂದು ತೋರಿಸಿದೆ, ಸಭೆ ಕರೆದು ವಿವರಿಸಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿಸಿಕೊಂಡರು, ಒಬ್ಬರೂ ನಂಬಲಿಲ್ಲ. ದಸರೆಯೊಳಗೆ ಕೋಣೆ ಮುಚ್ಚದಿದ್ದರೆ ಕೆಲಸ ನಿಲ್ಲಿಸುತ್ತೇವೆ ಎಂದು ಕಾರ್ಮಿಕ ಸಂಘದವರು ಹೇಳಿಬಿಟ್ಟರು. ಕೋಣೆ ಮುಚ್ಚಿದರೆ ಪರದೇಶದವರು ನಮ್ಮ ವಾಲ್ವ್ ಕೊಳ್ಳುವುದಿಲ್ಲ. ಅವರು ಕೊಳ್ಳದಿದ್ದರೆ ಕಾರ್ಖಾನೆ ಉಳಿಯುವುದಿಲ್ಲ.

ಫ್ರಾನ್ಸಿನ ಅಣುವಿದ್ಯುತ್ ಸ್ಥಾವರಗಳಿಗೆ ನಮ್ಮ ವಾಲ್ವ್ ಕೊಳ್ಳುತ್ತಿದ್ದ ಕಂಪನಿ ಆ ವರ್ಷ ತರಬೇತಿಗೆ ನನ್ನನ್ನು ಕರೆದಿತ್ತು. ನಮ್ಮವನೂ ಒಬ್ಬ ಹೋಗಿ ನೋಡಿಕೊಂಡು ಬರಲಿ ಎಂದು ಸಂಘದವರು ಪಟ್ಟು ಹಿಡಿದರು. ಯಜಮಾನರು ಎರಡು ದಿನ ಗೊಣಗಿ ಒಪ್ಪಿದರು. ಸಂಘದವರು ಆರಿಸಿದ್ದು ಮಲ್ಲಪ್ಪನನ್ನು, ಏಕೆಂದರೆ ಕಳೆದುಕೊಂಡವನು ಅವನು. ನೀಲವ್ವ ಆಗ ಮತ್ತೆ ಬಸುರಿಯಾಗಿದ್ದಳು. ವಿಮಾನ ಹತ್ತುವ ಮೊದಲು ಸಂಘದ ಮುಖಂಡ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ನೀನು ಬಂದು ಏನು ಹೇಳ್ತೀಯೋ ಅದೇ ನಮ್ಮ ತೀರ್ಮಾನ ಕಣೋ."

ಹೊಳೆ ದಂಡೆಯ ಮನೆ

ವಿಮಾನ ನಿಲ್ದಾಣದಲ್ಲೇ ಮೊದಲ ಎಡವಟ್ಟು. ಮಲ್ಲಪ್ಪನ ಚೀಲದಲ್ಲಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಅಧಿಕಾರಿಯೊಬ್ಬ ತೆರೆದು, ಏನಿದು ಎಂದು ಮೂಗಿನ ಹತ್ತಿರ ಹಿಡಿದು ಉಸಿರೆಳೆದ. ಆಮೇಲೆ ಅವನ ಸೀನು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಸುರಿಸುತ್ತ, ಹೋಗಿ ಹೋಗಿ ಎಂದು ಕೈಬೀಸಿದ. ಕಡಕ್ ಜೋಳದ ರೊಟ್ಟಿಯ ಗಂಟನ್ನು ಅವನು ಮುಟ್ಟಲೂ ಇಲ್ಲ.

ನಮಗೆ ದುಭಾಷಿಯಾಗಿ ಸಿಕ್ಕವರು ಸೆಲ್ವಿ. ಪಾಂಡಿಚೇರಿಯಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ನೆಲೆಸಿದವರು. ನಾನು ಅವರೊಡನೆ ಇಂಗ್ಲಿಷಿನಲ್ಲಿ ಒದ್ದಾಡುತ್ತಿದ್ದರೆ, ಮಲ್ಲಪ್ಪ ಪೀಣ್ಯದ ಚಹಾ ಅಂಗಡಿಗಳಲ್ಲಿ ಕಲಿತ ತಮಿಳಿನಲ್ಲಿ ಮೊದಲ ದಿನವೇ ಅವರ ಮಕ್ಕಳೆಷ್ಟು, ಅತ್ತೆ ಹೇಗೆ ಎಂಬುದನ್ನೆಲ್ಲ ತಿಳಿದುಕೊಂಡುಬಿಟ್ಟ. ಅವನ ತಮಿಳು ಕೇಳಿ ಅವರು ನಕ್ಕರೂ ಅರ್ಥವಾಗದೆ ಇರುತ್ತಿರಲಿಲ್ಲ.

ನಾವು ಉಳಿದದ್ದು ರೋನ್ ಎಂಬ ನದಿಯ ದಂಡೆಯ ಹಳ್ಳಿಯಲ್ಲಿ, ಓದೆತ್ ಎಂಬ ಮುದುಕಿಯ ಮನೆಯಲ್ಲಿ. ಆ ಸೀಮೆಯದೇ ಬೂದುಕಲ್ಲಿನಿಂದ ಕಟ್ಟಿದ, ನೆಲಮನೆಯಿದ್ದ ಹಳೇ ಮನೆ. ನನಗೆ ಕೊಟ್ಟದ್ದು ಅರ್ಧ ನೆಲದೊಳಗೆ ಇಳಿದಿದ್ದ ತಂಪು ಕೋಣೆ. ತೊಳೆದ ಸೀರೆಯನ್ನು ಅಲ್ಲೇ ಹಗ್ಗ ಕಟ್ಟಿ ಹರವುತ್ತಿದ್ದೆ. ಹೊರಗೆ ಹರವಿದರೆ ಅಲ್ಲಿನ ಒಣಗಾಳಿ ಅದನ್ನು ನದಿಗೆ ಕೊಂಡೊಯ್ಯುತ್ತಿತ್ತು. ಆ ಗಾಳಿ ನಮ್ಮ ಆಷಾಢದ ಗಾಳಿಯ ಅಣ್ಣ. ಅಲ್ಲಿನ ಮನೆಗಳೆಲ್ಲ ಅದಕ್ಕೆ ಬೆನ್ನು ತಿರುಗಿಸಿಕೊಂಡೇ ನಿಂತಿವೆ, ಉತ್ತರದ ಗೋಡೆಗೆ ಕಿಟಕಿಯೇ ಇಲ್ಲ.

ಸಕ್ಕರೆ ಬೇಕೆಂದು ಮಲ್ಲಪ್ಪ ಅಡುಗೆಮನೆಯ ಕಪಾಟು ತೆರೆದಾಗ ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಒಂದು ಔಷಧದ ಪೊಟ್ಟಣ ಇತ್ತು. ಏನೆಂದು ಕೇಳಿದೆವು. ಅಯೋಡಿನ್ ಗುಳಿಗೆ, ಸ್ಥಾವರದ ಸುತ್ತಲಿನ ಮನೆಗಳಿಗೆಲ್ಲ ಈಗೀಗ ಹಂಚುತ್ತಿದ್ದಾರೆ ಎಂದಳು ಓದೆತ್. ಸ್ಥಾವರದಲ್ಲಿ ದೊಡ್ಡ ಅಪಘಾತವಾಗಿ ವಿಷದ ಅಯೋಡಿನ್ ಗಾಳಿಗೆ ಸೇರಿದರೆ, ಮೊದಲೇ ಇದನ್ನು ನುಂಗಿದವರ ಗಂಟಲಿನ ಗ್ರಂಥಿಯಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ. ಇಷ್ಟನ್ನು ಆಕೆ ಉಪ್ಪಿನಕಾಯಿ ಹಾಕುವ ವಿಧಾನ ಹೇಳಿದಷ್ಟು ಸಲೀಸಾಗಿ ಹೇಳಿದಳು.

ಮಲ್ಲಪ್ಪ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದ. "ಗುಳಿಗಿ ಕೊಟ್ಟಾರಂದ್ರ ಅಪಾಯ ಐತಿ ಅಂತ ಅವರೇ ಒಪ್ಕೊಂಡಂಗ ಆತಲ್ರಿ, ಮೇಡಂ."

ಸೆಲ್ವಿ ಅದನ್ನು ದಾಟಿಸಿದರು. ಓದೆತ್ ತಲೆಯಾಡಿಸಿದಳು. ಹಾಗಾದರೆ ಅವರನ್ನು ನಂಬುತ್ತೀರಾ ಎಂದು ನಾನು ಕೇಳಿದೆ. ಇಲ್ಲ ಎಂದಳು. ಚೆರ್ನೋಬಿಲ್ ಅಣುಸ್ಥಾವರ ಸಿಡಿದು ಅದರ ವಿಷದ ಮೋಡ ಬಂದ ವರ್ಷ, ನಮಗೇನೂ ಆಗುವುದಿಲ್ಲ ಎಂದು ಟೀವಿಯಲ್ಲಿ ಹೇಳಿದ್ದರಂತೆ. ಆಕೆ ತೋಟದ ಸೊಪ್ಪು ಕೊಯ್ದು ಮೊಮ್ಮಕ್ಕಳಿಗೆ ಬಡಿಸಿದ್ದಳಂತೆ. ಮೋಡ ತಮ್ಮ ಮೇಲೂ ಹಾದುಹೋಗಿತ್ತು ಎಂದು ತಿಳಿದದ್ದು ಆಮೇಲೆ. "ಅಂದಿನಿಂದ ನಾನು ಯಾರನ್ನೂ ನಂಬಿಲ್ಲ. ಅದಕ್ಕೇ ಅವರ ಒಂದು ಸಭೆಯನ್ನೂ ತಪ್ಪಿಸುವುದಿಲ್ಲ," ಎಂದಳು.

ಗೋಪುರದ ಮೇಲಿನ ಮಗು

ಮಾರನೆಯ ದಿನ ಬಸ್ಸಿನಲ್ಲಿ ನದಿಗುಂಟ ಹೋದೆವು. ಊರು ದಾಟಿದ ಮೊದಲ ತಿರುವಿನಲ್ಲೇ, ಮನೆಯಿಂದ ಎಲ್ಲವನ್ನೂ ಮರೆಮಾಡಿದ್ದ ಬೆಟ್ಟ ಸರಿದು ಗೋಪುರಗಳು ಎದುರಾದವು. ಚಿತ್ರಗಳಲ್ಲಿ ನೂರು ಸಲ ನೋಡಿದ್ದೆ. ಆದರೆ ಅವು ಹೀಗೆ ಆಕಾಶದ ಒಂದು ಪಾಲನ್ನೇ ತೆಗೆದುಕೊಳ್ಳುತ್ತವೆ ಎಂದು ಯಾವ ಚಿತ್ರವೂ ಹೇಳಿರಲಿಲ್ಲ. ತುಮಕೂರು ರಸ್ತೆಯ ಅಷ್ಟೂ ಚಿಮಣಿಗಳನ್ನು ಒಂದರ ಮೇಲೊಂದು ಜೋಡಿಸಿದರೂ ಅವುಗಳ ಸೊಂಟಕ್ಕೆ ಬರಬಹುದೇನೋ ಅನ್ನಿಸಿತು. ಮೇಲೆ ಏಳುತ್ತಿದ್ದ ಹಬೆ ಗಾಳಿಗೆ ಬಾಗಿ ಕಣಿವೆಯ ಉದ್ದಕ್ಕೂ ಹರಿಯುತ್ತಿತ್ತು. ಅದು ಬರೀ ನೀರು ಎಂದು ಗೊತ್ತಿದ್ದೂ ನಾನು ಉಸಿರು ಬಿಗಿಹಿಡಿದಿದ್ದೆ.

ಅವುಗಳಲ್ಲಿ ಒಂದರ ಮೇಲೆ ಬುಡದಿಂದ ತುದಿಯವರೆಗೆ ಒಂದು ಮಗುವಿನ ಚಿತ್ರ ಬರೆದಿದ್ದರು. ಬೆತ್ತಲೆ ಮಗು, ನೆಲದ ಮೇಲೆ ಕೂತು ನೀರಾಡುತ್ತಿದೆ. ಅದರ ಹಿಮ್ಮಡಿಯೇ ಒಂದು ಮನೆಯಷ್ಟು. ಬಸ್ಸಿನಲ್ಲಿದ್ದ ಊರಿನವರು ತಲೆ ಎತ್ತಲೂ ಇಲ್ಲ. ಅವರಿಗೆ ಅದು ದಿನದ ನೋಟ. ನಾನು ಕತ್ತು ನೋಯುವಷ್ಟು ನೋಡಿದೆ. ಮಲ್ಲಪ್ಪ ಒಮ್ಮೆ ನೋಡಿ, ಮುಖ ತಿರುಗಿಸಿ ತೋಟಗಳನ್ನು ನೋಡುತ್ತ ಕೂತ. ಅವನಿಗೆ ಏನಾಯಿತೆಂದು ನನಗೆ ತಿಳಿಯಿತು.

ಅಲ್ಲಿಂದ ಮುಂದೆ ನಮ್ಮನ್ನು ಕರೆದೊಯ್ದದ್ದು ಮೊಸಳೆ ನೋಡಲು. ಅಣು ಇಂಧನದ ಕಾರ್ಖಾನೆಯಲ್ಲಿ ಮಿಕ್ಕ ಶಾಖದಿಂದ ನೀರು ಕಾಯಿಸಿ, ದೊಡ್ಡ ಗಾಜಿನ ಮನೆಯೊಂದನ್ನು ಬೆಚ್ಚಗಿಟ್ಟು, ಅದರೊಳಗೆ ನೂರಾರು ಮೊಸಳೆಗಳನ್ನು ಸಾಕಿದ್ದಾರೆ. ಹೊರಗೆ ಸ್ವೆಟರ್ ಹಾಕಿಕೊಳ್ಳುವ ಚಳಿ, ಒಳಗೆ ಬಾಳೆಗಿಡ, ಮಂಜುಗಟ್ಟಿದ ನನ್ನ ಕನ್ನಡಕ. ಶಾಲೆಯ ಮಕ್ಕಳು ಸೇತುವೆಯ ಮೇಲೆ ನಿಂತು ಮೊಸಳೆಗಳ ಹಲ್ಲು ಎಣಿಸುತ್ತಿದ್ದರು. ಮಲ್ಲಪ್ಪ ಅಂದು ಮೊದಲ ಬಾರಿ ನಕ್ಕ. ಕೃಷ್ಣಾ ಹೊಳೆಯಲ್ಲಿ ಮೊಸಳೆ ಕಂಡರೆ ಎಮ್ಮೆ ಹೊಡೆದುಕೊಂಡು ಓಡುತ್ತಿದ್ದವರು ನಾವು, ಇಲ್ಲಿ ಅವಕ್ಕೆ ಬಿಸಿನೀರು ಕಾಸಿ ಕೊಟ್ಟು ಟಿಕೆಟ್ ಇಟ್ಟಿದ್ದಾರೆ ಎಂದು ಸೆಲ್ವಿಗೆ ತಮಿಳಿನಲ್ಲಿ ವರ್ಣಿಸಿದ. ಊರಿಗೆ ಹೋದರೆ ಇದನ್ನು ಯಾರೂ ನಂಬುವುದಿಲ್ಲ ಎಂದೂ ಸೇರಿಸಿದ.

ಸ್ಥಾವರದ ಬಾಗಿಲಲ್ಲಿ

ಸ್ಥಾವರ ನೋಡುವ ದಿನ ನಾನು ಕೋಣೆಯ ಹಗ್ಗದ ಮೇಲಿದ್ದ ನನ್ನ ಹಳದಿ ನೈಲಾನ್ ಸೀರೆ ಉಟ್ಟೆ. ಒಣಗಾಳಿಗೆ ಅದು ಚಟಚಟ ಎನ್ನುತ್ತ ಮೈಗಂಟಿಕೊಳ್ಳುತ್ತಿತ್ತು. ಓದೆತ್‌ಳ ಮನೆಯಿಂದ ಸ್ಥಾವರ ತೀರಾ ಹತ್ತಿರ, ಸೀರೆ ಉಟ್ಟು ಹತ್ತು ನಿಮಿಷಕ್ಕೇ ಅದರ ಬಾಗಿಲಲ್ಲಿದ್ದೆವು.

ಅಲ್ಲಿ ಒಳಗೆ ಹೋಗುವವರ ಮೈಮೇಲಿನ ವಿಕಿರಣವನ್ನೂ ಅಳೆಯುತ್ತಾರೆ. ಬಾಗಿಲ ಚೌಕಟ್ಟಿನಂಥ ಯಂತ್ರದ ನಡುವೆ ಒಬ್ಬೊಬ್ಬರೇ ನಿಲ್ಲಬೇಕು. ಸೆಲ್ವಿ ಹೋದರು, ಮಲ್ಲಪ್ಪ ಹೋದ. ನಾನು ನಿಂತೆ. ಗಂಟೆ ಹೊಡೆದುಕೊಂಡಿತು, ಕೆಂಪು ದೀಪ ಹತ್ತಿತು.

ಮೊದಲು ಅದು ಬೇರೆ ಯಾರಿಗೋ ಇರಬೇಕು ಎಂದುಕೊಂಡೆ. ಇನ್ನೊಮ್ಮೆ ನಿಲ್ಲಿಸಿದರು. ಮತ್ತೆ ಗಂಟೆ. ಕ್ಲೇರ್ ಎಂಬ ಹೆಂಗಸು, ಅಲ್ಲಿನ ವಿಕಿರಣ ತಪಾಸಣೆಯವಳು, ಕೈಮೀಟರ್ ತಂದು ನನ್ನ ಭುಜದಿಂದ ಪಾದದವರೆಗೆ ನಿಧಾನವಾಗಿ ಇಳಿಸಿದಳು. ಸೆರಗಿನ ಹತ್ತಿರ ಅದು ಹುರಿಗಡಲೆ ಸಿಡಿದಂತೆ ಸದ್ದು ಮಾಡಿತು.

ಬೆಂಗಳೂರಿನಿಂದ ಹೊರಡುವ ಹಿಂದಿನ ದಿನ ಅದೇ ಸೀರೆಯಲ್ಲಿ ನಾನು ಕಿರಣದ ಕೋಣೆಗೆ ಹೋಗಿದ್ದೆ. ಇರಿಡಿಯಂ ಚೂರು ಉಕ್ಕಿನ ಗೂಡಿನೊಳಗೆ ಬೆಸುಗೆ ಹಾಕಿ ಮುಚ್ಚಿರುತ್ತದೆ. ಅದರ ಧೂಳು ಹೊರಬರಲು ದಾರಿಯಿಲ್ಲ. ಆ ಗೂಡು ಎಲ್ಲಾದರೂ ಸೀಳಿದ್ದರೆ? ಆಗ ನಮ್ಮ ಕೋಣೆ, ಅದರ ಸುತ್ತಲಿನ ನೆಲ, ಕೆಲಸಗಾರರ ಬಟ್ಟೆ, ಬಾಗಲಗುಂಟೆಯ ಆ ವಠಾರ... ನನ್ನ ಯೋಚನೆ ಎಲ್ಲಿಗೆ ಹೋಯಿತೋ ಮಲ್ಲಪ್ಪನ ಯೋಚನೆಯೂ ಅಲ್ಲಿಗೇ ಹೋಗಿತ್ತು. ಅವನು ತನ್ನ ಅಂಗಿಯ ತೋಳನ್ನು ಎಳೆದೆಳೆದು ನೋಡಿಕೊಳ್ಳುತ್ತಿದ್ದ.

ನನ್ನನ್ನು ಹೆಂಗಸರ ಕೋಣೆಗೆ ಕರೆದೊಯ್ದು, ಸೀರೆ ಬಿಚ್ಚಿಸಿ, ನೀಲಿ ಮೇಲಂಗಿ ಕೊಟ್ಟರು. ಅದನ್ನು ತೊಟ್ಟು ಯಂತ್ರದೊಳಗೆ ನಿಂತಾಗ ಗಂಟೆ ಹೊಡೆಯಲಿಲ್ಲ. ಎಲ್ಲವೂ ಸೀರೆಯಲ್ಲೇ ಇತ್ತು. ಅದನ್ನು ಉಕ್ಕಿನ ಮೇಜಿನ ಮೇಲೆ ಹರವಿ ಮೀಟರ್ ಇಟ್ಟರು. ಕ್ಲೇರ್ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿ, ಸೀರೆ ಎಲ್ಲಿ ಒಣಗಿತ್ತೆಂದು ಕೇಳಿಕೊಂಡು, ಸೆಲ್ವಿಯ ಮೂಲಕ ಎಲ್ಲವನ್ನೂ ಹೇಳಿದಳು. ಈ ಸೀಮೆಯ ಬೂದುಕಲ್ಲು ತಾನಾಗಿಯೇ ಒಂದು ವಿಕಿರಣ ಅನಿಲ ಬಿಡುತ್ತದೆ. ನೆಲಮನೆಗಳಲ್ಲಿ ಅದು ಕೂಡಿಕೊಳ್ಳುತ್ತದೆ. ಅದರಿಂದ ಹುಟ್ಟುವ ಸೂಕ್ಷ್ಮ ಧೂಳು ನೈಲಾನಿಗೆ ಅಂಟುತ್ತದೆ. ಹಾಗಿದ್ದರೆ ಅದು ಬೇಗ ಬೇಗ ಕರಗಬೇಕು, ಅರ್ಧ ಗಂಟೆಗೊಮ್ಮೆ ಹೆಚ್ಚುಕಡಿಮೆ ಅರ್ಧವಾಗುತ್ತ ಹೋಗಬೇಕು. ಇರಿಡಿಯಂ ಆದರೆ ಸಂಜೆಯವರೆಗೆ ಕೂತರೂ ಮುಳ್ಳು ಕದಲುವುದಿಲ್ಲ. ಕಾಯೋಣ, ನೀವೇ ನೋಡಿ ಎಂದು ಮೀಟರಿನ ಮುಖವನ್ನು ನಮ್ಮ ಕಡೆಗೆ ತಿರುಗಿಸಿಟ್ಟಳು.

ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಆ ಬೆಂಚಿನ ಮೇಲೆ ಕೂತಾಗ ನನ್ನ ಓದು ನನ್ನ ಎದೆಬಡಿತಕ್ಕೆ ಯಾವ ಸಹಾಯವನ್ನೂ ಮಾಡಲಿಲ್ಲ.

"ಅಕ್ಕಾರ," ಎಂದ ಮಲ್ಲಪ್ಪ. ಅಲ್ಲಿಯವರೆಗೆ ನಾನು ಅವನಿಗೆ ಮೇಡಂ ಆಗಿದ್ದೆ. "ಅದು ನಮ್ಮ ಫ್ಯಾಕ್ಟರೀದು ಏನ್ರಿ?"

"ನೋಡೋಣ ಮಲ್ಲಪ್ಪ. ಮುಳ್ಳು ಇಳಿದರೆ ಅಲ್ಲ."

ಅವನು ಮುಳ್ಳಿನ ಮೇಲೆ ಕಣ್ಣು ನೆಟ್ಟುಕೊಂಡೇ ಮಾತಾಡಿದ. ಅಂದು ಆಸ್ಪತ್ರೆಯಲ್ಲಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟರಂತೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಬೆರಳುಗಳೆಲ್ಲ ಮೂಡಿದ್ದವು. ಅದನ್ನು ಒಬ್ಬನೇ ಹೋಗಿ ಮಣ್ಣು ಮಾಡಿ ಬಂದನಂತೆ. ಅಂದಿನಿಂದ ನೀಲವ್ವ ಅವನ ಕೆಲಸದ ಬಟ್ಟೆಯನ್ನು ಮನೆಯೊಳಗೆ ತರಲು ಬಿಟ್ಟಿಲ್ಲ. ಅವನು ನಲ್ಲಿಯ ಹತ್ತಿರವೇ ಬದಲಿಸಿ ಒಳಗೆ ಹೋಗುತ್ತಾನೆ. "ಈಗ ಮತ್ತ ಬಸುರಾದ ಮ್ಯಾಲಂತೂ ಅಕಿ ನನ್ನ ಮುಟ್ಟಾಕ ಅಂಜತಾಳ್ರಿ," ಎಂದ.

ಕ್ಲೇರ್‌ಗೆ ಕನ್ನಡ ತಿಳಿಯದು. ಆದರೂ ಅವಳು ತನ್ನ ಕುರ್ಚಿಯನ್ನು ಎಳೆದುಕೊಂಡು ನಮ್ಮ ಪಕ್ಕ ಬಂದು ಕೂತಳು. ಬೇರೆ ಕೆಲಸಕ್ಕೆ ಕರೆ ಬಂದಾಗಲೂ ಏಳಲಿಲ್ಲ.

ಮೊದಮೊದಲು ಮುಳ್ಳು ಅಲುಗಿದ್ದೇ ಗೊತ್ತಾಗಲಿಲ್ಲ. ಆಮೇಲೆ ಸದ್ದು ತೆಳ್ಳಗಾಯಿತು. ಹುರಿಗಡಲೆ ಸಿಡಿಯುತ್ತಿದ್ದದ್ದು ಮಳೆ ನಿಂತ ಮೇಲಿನ ಸೂರಿನ ಹನಿಯಾಯಿತು. ಮುಳ್ಳು ಮೊದಲಿದ್ದ ಜಾಗದ ಅರ್ಧಕ್ಕೆ ಬಂತು, ಅದರರ್ಧಕ್ಕೆ ಬಂತು. ಯಾರೂ ತೊಳೆಯಲಿಲ್ಲ, ಯಾರೂ ಮುಟ್ಟಲಿಲ್ಲ. ಕಲ್ಲಿನಿಂದ ಬಂದದ್ದು ಕಣ್ಣೆದುರೇ ತನ್ನಷ್ಟಕ್ಕೆ ಆರಿಹೋಗುತ್ತಿತ್ತು. ಭೂಮಿ ಹುಟ್ಟಿದಂದಿನಿಂದ ಹೀಗೆ ನಡೆದಿರುವುದು, ಯಾರ ಅಪ್ಪಣೆಯನ್ನೂ ಕೇಳದೆ, ನನ್ನ ಹಳದಿ ಸೀರೆಯ ಮೇಲೂ ನಡೆಯಿತು. ನಾನು ಇಷ್ಟು ವರ್ಷ ಅದೇ ವಿದ್ಯೆಯಲ್ಲಿ ಸಂಬಳ ತೆಗೆದುಕೊಂಡವಳು. ಆ ಬೆಂಚಿನ ಮೇಲೆ ಮೊದಲ ಸಲ ಅದಕ್ಕೆ ಕೈಮುಗಿಯಬೇಕೆನಿಸಿತು.

ಸೀರೆಯನ್ನು ಮಡಿಸಿ ಕೊಡುವಾಗ ಕ್ಲೇರ್ ಮಲ್ಲಪ್ಪನ ಕಡೆ ನೋಡಿದಳು. ಅವನು ಎರಡೂ ಕೈಯಿಂದ ಮುಖ ಒರೆಸಿಕೊಳ್ಳುತ್ತಿದ್ದ.

ಆಮೇಲೆ ಸ್ಥಾವರ ನೋಡಿದೆವು. ಟರ್ಬೈನ್ ಮನೆಯ ಹೊಸ್ತಿಲಲ್ಲಿ ನಿಂತರೆ ನೆಲದ ನಡುಕ ಪಾದದಿಂದ ಹಲ್ಲಿನವರೆಗೆ ಏರುತ್ತಿತ್ತು. ಅಷ್ಟು ದೊಡ್ಡ ಕಟ್ಟಡದಲ್ಲಿ ಬೆರಳೆಣಿಕೆಯ ಜನ, ಗಟ್ಟಿ ದನಿಯಲ್ಲಿ ಮಾತಾಡುವವರಿಲ್ಲ. ಆದರೆ ನನ್ನ ಮನಸ್ಸು ಆ ಬೆಂಚಿನಲ್ಲೇ ಕೂತಿತ್ತು.

ಊರಿನ ಸಭೆ

ಹಿಂತಿರುಗುವ ಮುನ್ನ ಓದೆತ್ ನಮ್ಮನ್ನು ತನ್ನ ಸಭೆಗೆ ಎಳೆದುಕೊಂಡು ಹೋದಳು. ಊರ ಕಚೇರಿಯ ಹಜಾರದಲ್ಲಿ ಸಂಜೆ ಬಿಸಿಲು ಬೀಳುತ್ತಿತ್ತು. ಒಂದೇ ಉದ್ದ ಮೇಜಿನ ಹಿಂದೆ ಊರಿನ ಮುಖ್ಯಸ್ಥ, ಸ್ಥಾವರದ ನಿರ್ದೇಶಕ, ಒಬ್ಬ ವೈದ್ಯೆ ಮತ್ತು ಗಡ್ಡದ ಮನುಷ್ಯನೊಬ್ಬ ಕೂತಿದ್ದರು. ಗಡ್ಡದವನು ಸ್ಥಾವರ ಮುಚ್ಚಬೇಕೆಂದು ವರ್ಷಗಟ್ಟಲೆ ಹೋರಾಡುತ್ತಿರುವವನು, ತನ್ನದೇ ಮೀಟರಿನಲ್ಲಿ ನದಿಯ ನೀರು, ಅಣಬೆ, ಹಾಲು ಎಲ್ಲವನ್ನೂ ಅಳೆಯುವವನು ಎಂದು ಸೆಲ್ವಿ ಪಿಸುಗುಟ್ಟಿದರು. ನಿರ್ದೇಶಕ ಅವನ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟ. ನಮ್ಮಲ್ಲಿ ಹೀಗಿದ್ದವರನ್ನು ಗೇಟಿನ ಆಚೆ ನಿಲ್ಲಿಸಿ ಪೊಲೀಸರನ್ನು ಕರೆಸುತ್ತಾರೆ.

ಓದೆತ್ ಎದ್ದು, ಹಿಂದಿನ ತಿಂಗಳು ಸ್ಥಾವರದ ಹಬೆ ಯಾಕೆ ನಿಂತಿತ್ತು ಎಂದು ಕೇಳಿದಳು. ಒಂದು ವಾಲ್ವ್ ಸಿಕ್ಕಿಹಾಕಿಕೊಂಡಿತ್ತು ಎಂದ ನಿರ್ದೇಶಕ. ಅದು ನಮ್ಮ ಪೀಣ್ಯದ್ದಾಗದಿರಲಪ್ಪ ಎಂದು ನಾನು ಕೂತಲ್ಲೇ ಬೆವರಿದೆ. ಅವನು ಯಾವ ವಾಲ್ವ್, ಎಲ್ಲಿ, ಏನಾಗಬಹುದಿತ್ತು, ಏನಾಗಲಿಲ್ಲ ಎಂದು ಹೇಳುತ್ತ ಹೋದ. ಮುದುಕಿ ಕೂರಲಿಲ್ಲ. ಮತ್ತೆ ಮತ್ತೆ ಕೇಳಿದಳು. ಅವನೂ ಕೂರಲಿಲ್ಲ. ಹತ್ತಾರು ಊರುಗಳಿಗೆ ದೀಪ ಹಚ್ಚುವವನು ಒಬ್ಬ ತೋಟಗಾರ ಮುದುಕಿಯ ಮುಂದೆ ಶಾಲೆಯ ಹುಡುಗನಂತೆ ನಿಂತದ್ದನ್ನು ನೋಡಿ ನನಗೆ ಗೋಪುರ ನೋಡಿದಾಗ ಆದದ್ದಕ್ಕಿಂತ ದೊಡ್ಡ ಬೆರಗಾಯಿತು.

ಆಗ ಮಲ್ಲಪ್ಪ ಎದ್ದು ನಿಂತ. ನನ್ನನ್ನು ಕೇಳಲಿಲ್ಲ. ತನ್ನ ತಮಿಳಿನಲ್ಲಿ ಹೇಳತೊಡಗಿ, ಮಧ್ಯದಲ್ಲಿ ಅದು ಸಾಲದೆ ಕನ್ನಡಕ್ಕೆ ಬಂದ.

"ನನ್ನ ಕೂಸು ಹೊಟ್ಯಾಗ ಇದ್ದಾಗನ ಹೋತ್ರಿ. ಕಿರಣದಿಂದ ಅಂತಾರ ನಮ್ಮ ಮಂದಿ. ಅಲ್ಲ ಅಂತಾರ ಆಫೀಸಿನವರು. ನೀವು ಏನಂತೀರಿ?"

ನಾನೂ ಸೆಲ್ವಿಯೂ ಸೇರಿ ದಾಟಿಸಿದೆವು. ವೈದ್ಯೆ ಕನ್ನಡಕ ತೆಗೆದಿಟ್ಟಳು. ಅವನು ಎಲ್ಲಿ ಕೂತು ಕೆಲಸ ಮಾಡುತ್ತಾನೆ, ಗೋಡೆಯ ಹೊರಗೆ ನಾನು ಅಳೆದದ್ದು ಎಷ್ಟು ಎಂದೆಲ್ಲ ಕೇಳಿದಳು. ಆಮೇಲೆ ಅವನನ್ನೇ ನೋಡುತ್ತ ಹೇಳಿದಳು: "ಇಷ್ಟು ದೂರದಿಂದ ನಿಮ್ಮ ಮಗುವಿನ ಬಗ್ಗೆ ತೀರ್ಪು ಕೊಡಲು ನನಗೆ ಹಕ್ಕಿಲ್ಲ. ಇವರು ಅಳೆದದ್ದು ಸರಿಯಿದ್ದರೆ ಕಿರಣದಿಂದ ಆದದ್ದಲ್ಲ ಎಂದು ತಿಳಿಯುತ್ತೇನೆ. ಯಾವ ಕಾರ್ಖಾನೆಯೂ ಇಲ್ಲದ ಕಡೆಯೂ ಬಸಿರು ಇಳಿಯುತ್ತದೆ. ನನ್ನದೂ ಒಂದು ಹೋಗಿದೆ. ಕಾರಣ ನನಗೂ ಸಿಗಲಿಲ್ಲ."

ಗಡ್ಡದವನು ಕೈಯೆತ್ತಿದ. ಈ ವೈದ್ಯೆಯ ಜೊತೆ ತಾನು ಯಾವ ವಿಷಯಕ್ಕೂ ಒಪ್ಪುವವನಲ್ಲ, ಆದರೆ ಈ ಮಾತನ್ನು ಒಪ್ಪುತ್ತೇನೆ ಎಂದ. ಆಮೇಲೆ ನನ್ನ ಕಡೆ ತಿರುಗಿ, "ಅಳೆಯುವಾಗ ಇವರ ಕೈಗೂ ಮೀಟರ್ ಕೊಡಿ. ಯಾರನ್ನೂ ನಂಬುವ ಕಷ್ಟ ಇವರಿಗೆ ತಪ್ಪುತ್ತದೆ," ಎಂದ.

ಮಲ್ಲಪ್ಪ ಕೈಮುಗಿದು ಕೂತ. ಓದೆತ್ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಸಭೆ ಮುಗಿಯುವವರೆಗೆ ಬಿಡಲಿಲ್ಲ.

ಮತ್ತೆ ಪೀಣ್ಯ

ಗೇಟಿನ ಸಭೆಯಲ್ಲಿ ಸಂಘದವರೆಲ್ಲ ಕಾದಿದ್ದರು. ಮಲ್ಲಪ್ಪ ಬೇರೆ ವರ್ಣನೆಗೆ ಹೋಗದೆ ತನ್ನ ತೀರ್ಮಾನ ಹೇಳಿದ: "ಮೀಟರ್ ನಮ್ಮ ಕೈಯಾಗೂ ಕೊಡ್ಲಿ. ನಮ್ಮ ಮನೀ ಮಂದಿನೂ ಬಂದು ಅಳೀಲಿ. ಹಂಗಾದ್ರ ಕೋಣಿ ನಡೀಲಿ. ಇಲ್ಲಂದ್ರ ಬ್ಯಾಡ."

ಯಜಮಾನರು ಹಿಂದೇಟು ಹಾಕಿದರು. ಹೆಂಗಸರು ಮಕ್ಕಳೆಲ್ಲ ಬಂದು ಹೆದರಿ ಕೂಗಿಕೊಂಡರೆ ಏನು ಗತಿ ಎಂದರು. ಕರೆಯದಿದ್ದರೆ ಹೆದರಿಕೆ ಹೋಗುವುದು ಹೇಗೆ ಎಂದು ನಾನು ವಾದಿಸಿದೆ. ಕೊನೆಗೆ ಆಯುಧಪೂಜೆಯ ದಿನ ಎಲ್ಲರನ್ನೂ ಕರೆಯುವುದೆಂದಾಯಿತು.

ಆ ದಿನ ಬಾಗಲಗುಂಟೆಯ ವಠಾರಗಳೇ ನಮ್ಮ ಅಂಗಳಕ್ಕೆ ಬಂದಿದ್ದವು. ಯಂತ್ರಗಳಿಗೆಲ್ಲ ಬಾಳೆಕಂದು, ಚೆಂಡುಹೂವು, ಒಡೆದ ಬೂದುಗುಂಬಳದ ಕುಂಕುಮ. ಪೂಜೆಯಾದ ಮೇಲೆ ಕೋಣೆಯಲ್ಲಿ ಫೋಟೋ ತೆಗೆಯಲು ಶುರುಮಾಡಿ, ಒಳಗೆ ಕಿರಣ ಬಿಟ್ಟಿದೆ ಎಂದು ತೋರಿಸುವ ಕೆಂಪು ದೀಪ ಉರಿಯುತ್ತಿರುವಾಗಲೇ ಮೀಟರನ್ನು ಹೊರಗಿದ್ದವರ ಕೈಗೆ ಕೊಟ್ಟೆವು. ಹೆಂಗಸರು ಅದನ್ನು ಒಬ್ಬರಿಂದೊಬ್ಬರಿಗೆ ಮಂಗಳಾರತಿ ತಟ್ಟೆಯಂತೆ ದಾಟಿಸುತ್ತ ಗೋಡೆಯುದ್ದಕ್ಕೂ ನಡೆದರು. ಅದು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿತ್ತು. ಗೇಟಿನಾಚೆ ರಸ್ತೆಯಲ್ಲೂ ಅಷ್ಟೇ ಎಂಬುದನ್ನು ಅವರೇ ಹೋಗಿ ನೋಡಿಕೊಂಡು ಬಂದರು. ಇಬ್ಬರು ಮೂವರು ಆಗಲೂ ನಂಬಲಿಲ್ಲ. ಮುಂದಿನ ತಿಂಗಳು ಮತ್ತೆ ಬರುತ್ತೇವೆ ಎಂದರು. ಬನ್ನಿ ಎಂದೆ. ಬಂದರು ಕೂಡ.

ನೀಲವ್ವ ಎಲ್ಲರ ಹಿಂದೆ ಬಂದಳು. ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು. ಮೀಟರ್ ತೆಗೆದುಕೊಂಡು ಯಾರ ಜೊತೆಯೂ ಮಾತಾಡದೆ ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದಳು. ಹಿಂದೆ ಹೋಗಲು ಹೊರಟ ಮಲ್ಲಪ್ಪನನ್ನು ಕೈಸನ್ನೆ ಮಾಡಿ ನಿಲ್ಲಿಸಿದಳು. ತಿರುಗಿ ಬಂದು ಮೀಟರನ್ನು ನನ್ನ ಕೈಗಿತ್ತು, "ಮೊದಲನೇದು ಯಾಕ ಹೋತು ಅಂತ ಇದು ಹೇಳಾಂಗಿಲ್ಲ, ಅಲ್ರಿ?" ಎಂದು ಕೇಳಿದಳು.

"ಹೇಳೋದಿಲ್ಲ ನೀಲವ್ವ. ಅದನ್ನು ಹೇಳುವ ಮೀಟರ್ ಯಾರ ಹತ್ತಿರವೂ ಇಲ್ಲ."

ಅವಳು ತಲೆಯಾಡಿಸಿದಳು. ಬಿಸಿಲು ಏರಿತ್ತು, ನಿಂತು ನಿಂತು ಅವಳ ಕಾಲು ಬಾತಿದ್ದವು. ಸುತ್ತ ನೋಡಿದಳು. ಯಾರೋ ಕುರ್ಚಿ ತರುತ್ತೇನೆಂದು ಓಡಿದರು. ಅವಳು ಕಾಯಲಿಲ್ಲ. ಸೆರಗು ಸುತ್ತಿಕೊಂಡು, ಗಂಡನ ಭುಜ ಹಿಡಿದು ಮೆಲ್ಲಗೆ ಬಗ್ಗಿ, ಕಿರಣದ ಕೋಣೆಯ ಗೋಡೆಗೇ ಬೆನ್ನು ಕೊಟ್ಟು, ಅದರ ನೆರಳಿನಲ್ಲಿ ಕಾಲು ಚಾಚಿ ಕೂತಳು. ಆಮೇಲೆ ಮಡಿಲಲ್ಲಿದ್ದ ಪ್ರಸಾದದ ಕಡ್ಲೆಪುರಿಯಲ್ಲಿ ಒಂದು ಹಿಡಿ ತೆಗೆದು, ಅವನ ಅಂಗೈಗೆ ಹಾಕಿದಳು.